ಬೇಸಿಗೆಯ ಜಿಡ್ಡು ಮುಖ: ಕ್ರೀಮಿಗೆ ಮೊದಲು ನೀರು

ಮಾರ್ಚ್ ಅರ್ಧ ದಾಟಿತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎರೆಹೊಲಗಳು ಬಿರುಕು ಬಿಡತೊಡಗುತ್ತವೆ. ಅದೇ ಹೊತ್ತಿಗೆ ದವಾಖಾನೆಗೆ ಬರುವ ಹದಿಹರೆಯದವರ ಸಂಖ್ಯೆಯೂ ಏರುತ್ತದೆ. ದೂರು ಹೆಚ್ಚುಕಡಿಮೆ ಒಂದೇ: “ಮುಖ ತೊಳೆದು ಹತ್ತು ನಿಮಿಷಕ್ಕ ಎಣ್ಣಿ ಸುರಿದಂಗ ಆಗ್ತದ್ರೀ.” ಜೊತೆಗೆ ಬಂದ ತಾಯಿ ಇನ್ನೊಂದು ಮಾತು ಸೇರಿಸುತ್ತಾಳೆ: “ಮುಂದಿನ ತಿಂಗಳ ಹುಡುಗಿನ್ನ ನೋಡಾಕ ಬರ್ತಾರ್ರೀ.” ನನಗೆ ಚಿಂತೆ ಹುಟ್ಟಿಸುವುದು ಈ ಎರಡನೆಯ ಮಾತು. ಜಿಡ್ಡು ಚರ್ಮ ಕಾಯಿಲೆಯಲ್ಲ. ಆದರೆ ಹದಿನೈದು ದಿನಗಳಲ್ಲಿ ಅದನ್ನು ಒಣಗಿಸಿ ಬೆಳ್ಳಗಾಗಿಸಬೇಕೆಂಬ ಅವಸರದಿಂದ ನಿಜವಾದ ಕಾಯಿಲೆಗಳು ಬರುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತಿದ್ದೇನೆ.

ನಮ್ಮ ಚರ್ಮದೊಳಗೆ ಎಣ್ಣೆಯ ಸಣ್ಣ ಸಣ್ಣ ಗ್ರಂಥಿಗಳಿವೆ. ಹಣೆ, ಮೂಗು, ಗದ್ದದಲ್ಲಿ ಅವು ದಟ್ಟವಾಗಿವೆ. ಪ್ರಾಯಕ್ಕೆ ಬರುವಾಗ ಹಾರ್ಮೋನುಗಳ ಪ್ರಭಾವದಿಂದ ಅವು ಚುರುಕಾಗುತ್ತವೆ. ಅವು ಹೊರಬಿಡುವ ಜಿಡ್ಡು ಚರ್ಮ ಒಣಗದಂತೆ, ಒಡೆಯದಂತೆ ಕಾಯುತ್ತದೆ. ಚರ್ಮದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೊರಬರುವ ಜಿಡ್ಡು ಸುಮಾರು ಶೇ. 10ರಷ್ಟು ಹೆಚ್ಚುತ್ತದೆ ಎಂದು ಚರ್ಮಶಾಸ್ತ್ರದವರು ಅಳೆದು ಹೇಳಿದ್ದಾರೆ. ಅದಕ್ಕೆ ಬೆವರು, ರಸ್ತೆಯ ಧೂಳು ಸೇರಿದರೆ ಕನ್ನಡಿಯಲ್ಲಿ ಕಾಣುವ ಹೊಳಪು ಸಿದ್ಧ. ಏಪ್ರಿಲ್ ತಿಂಗಳ ಮಧ್ಯಾಹ್ನ ಗದಗ ಜಿಲ್ಲೆಯಲ್ಲಿ ಹುಡುಗನೊಬ್ಬನ ಮೂಗು ಹೊಳೆಯುತ್ತಿದ್ದರೆ ಅವನ ದೇಹ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಯುನಾನಿಯಲ್ಲಿ ರೋಗಿಯ ಮಿಜಾಜ್, ಅಂದರೆ ದೇಹಪ್ರಕೃತಿಯನ್ನು ತಿಳಿಯಲು ಹತ್ತು ಲಕ್ಷಣಗಳಿವೆ. ಅವುಗಳಲ್ಲಿ ಮೊದಲನೆಯದು ‘ಮಲ್ಮಸ್’, ಮುಟ್ಟಿ ನೋಡುವುದು. ಚರ್ಮ ಬಿಸಿಯೋ ತಣ್ಣಗೋ, ಒಣಗಿದೆಯೋ ಮೆದುವಾಗಿದೆಯೋ ಎಂಬುದರಿಂದಲೇ ನಮ್ಮ ಪರೀಕ್ಷೆ ಶುರುವಾಗುತ್ತದೆ. ಮೊಡವೆಗೆ ನಮ್ಮ ಗ್ರಂಥಗಳಲ್ಲಿ ‘ಬುಸೂರೆ ಲಬನಿಯ್ಯಾ’ ಎಂಬ ಹೆಸರಿದೆ, ಹಾಲಿನಂತಹ ಬಿಳಿ ತುಂಬಿದ ಗುಳ್ಳೆ ಎಂದು. ಇದನ್ನೆಲ್ಲ ಹೇಳುವ ಕಾರಣ ಇಷ್ಟೇ: ಪ್ರಕೃತಿಯನ್ನು ನೋಡದೆ ಎಲ್ಲರಿಗೂ ಒಂದೇ ಟ್ಯೂಬು ಹಚ್ಚುವುದು ನಮ್ಮ ಪದ್ಧತಿಯೂ ಅಲ್ಲ, ಅಲೋಪತಿಯ ಪದ್ಧತಿಯೂ ಅಲ್ಲ. ಅದು ಅಂಗಡಿಯ ಪದ್ಧತಿ.

ಮೊದಲು ನೀರಿನ ಮಾತು. ಐದು ಹೊತ್ತು ವುಝೂ ಮಾಡುವವರ ಮುಖ ದಿನಕ್ಕೆ ಐದು ಸಲ, ಪ್ರತಿ ಸಲ ಮೂರು ಬಾರಿಯಂತೆ ಹದಿನೈದು ಬಾರಿ ನೀರು ಕಾಣುತ್ತದೆ. ಜಿಡ್ಡು ಮುಖಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಧೂಳು ಹೋಗುತ್ತದೆ, ಬೆವರಿನ ಉಪ್ಪು ಹೋಗುತ್ತದೆ, ಚರ್ಮ ತಂಪಾಗುತ್ತದೆ, ಜಿಡ್ಡು ಪೂರ್ತಿ ಹೋಗುವುದಿಲ್ಲ. ಹೋಗಬಾರದು ಕೂಡ. ಆದರೆ ನಮ್ಮ ಮಕ್ಕಳು ಮಾಡುವುದೇನು? ಪ್ರತಿ ವುಝೂಗೂ ಮುನ್ನ ಒಮ್ಮೆ ಸೋಪು ಉಜ್ಜುತ್ತಾರೆ. ಕೆಲವರು ಬಟ್ಟೆ ಒಗೆಯುವ ಸೋಪನ್ನೂ ಬಿಟ್ಟಿಲ್ಲ! ಆರೋಗ್ಯವಂತ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು ಐದು. ಸಾಮಾನ್ಯ ಸೋಪಿನದು ಒಂಬತ್ತು, ಹತ್ತು. ದಿನಕ್ಕೆ ಐದಾರು ಸಲ ಸೋಪು ಬಿದ್ದರೆ ಆ ರಕ್ಷಣೆಯ ಪದರ ಕೆಡುತ್ತದೆ, ಚರ್ಮ ಬಿಗಿಯುತ್ತದೆ, ಉರಿಯುತ್ತದೆ, ಕೆಂಪಾಗುತ್ತದೆ. ಜಿಡ್ಡು ಮಾತ್ರ ಗಂಟೆಯೊಳಗೆ ಮತ್ತೆ ಹಾಜರು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ನಳದ ನೀರಿಗೆ ದಿನ ಎಣಿಸಿ ಕಾಯುವ ಮನೆಗಳಲ್ಲಿ ಬಳಕೆಗೆ ಕೊಳವೆಬಾವಿಯ ಗಡಸು ನೀರೇ ಗತಿ. ಗಡಸು ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಮೊಸರಿನಂತೆ ಒಡೆದು ಚರ್ಮದ ಮೇಲೆ ತೆಳ್ಳಗೆ ಕೂರುತ್ತದೆ. ತೊಳೆದ ಮೇಲೂ ಮುಖ ಅಂಟಂಟು ಎನ್ನುವವರಲ್ಲಿ ಅನೇಕರಿಗೆ ಅಂಟಿದ್ದು ಎಣ್ಣೆಯಲ್ಲ, ಸೋಪು. ಹಾಗಾಗಿ ನನ್ನ ಸಲಹೆ: ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ, ಸೌಮ್ಯವಾದ ಸೋಪಿಲ್ಲದ ಫೇಸ್‌ವಾಶ್ ಸಾಕು. ಉಳಿದ ಹೊತ್ತು ಬರೀ ವುಝೂವಿನ ನೀರು. ಒರೆಸಲು ನಿಮ್ಮದೇ ಮೆತ್ತಗಿನ ಬಟ್ಟೆಯಿರಲಿ, ಉಜ್ಜದೆ ಒತ್ತಿ ಒರೆಸಿ. ಮನೆಮಂದಿಗೆಲ್ಲ ಒಂದೇ ಟವೆಲ್ ಇರುವ ರೂಢಿಯನ್ನು ಬೇಸಿಗೆಗಾದರೂ ಬಿಡಿ, ಬೆವರಿನ ದಿನಗಳಲ್ಲಿ ಗಜಕರ್ಣ ಹರಡುವುದೂ ಅದರಿಂದಲೇ.

ನಿಂಬೆಹಣ್ಣಿನ ಬಗ್ಗೆ ಒಂದು ಮಾತು. ಮುಖಕ್ಕೆ ನಿಂಬೆರಸ ಹಚ್ಚಿ ಎಂಬ ಉಪದೇಶ ಮೊಬೈಲಿನಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ. ಅದರ ಆಮ್ಲ ಚರ್ಮಕ್ಕೆ ತೀರಾ ಖಾರ. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆಯೆದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ನಿಂಬೆ ಶರಬತ್ತಿಗಿರಲಿ.

ಮುಲ್ತಾನಿ ಮಿಟ್ಟಿ ಒಳ್ಳೆಯದೇ. ಜಿಡ್ಡು ಹೀರುವ ಗುಣ ಆ ಮಣ್ಣಿಗಿದೆ. ವಾರಕ್ಕೆ ಒಂದೆರಡು ಸಲ, ನೀರಿನಲ್ಲೋ ಗುಲಾಬಿ ಅರ್ಕದಲ್ಲೋ ಕಲಸಿ, ಹತ್ತು ನಿಮಿಷ ಇಟ್ಟು, ಇನ್ನೂ ಸ್ವಲ್ಪ ಹಸಿಯಿರುವಾಗಲೇ ತೊಳೆಯಿರಿ. ಎರೆಹೊಲದಂತೆ ಬಿರುಕು ಬಿಡುವವರೆಗೆ ಕೂರುವುದು ಬೇಡ. ಗುಲಾಬಿ ಅರ್ಕ ಕೊಳ್ಳುವಾಗ ಬಾಟಲಿಯ ಮೇಲೆ ಏನಿದೆ ಎಂದು ಓದಿ, ಬರೀ ಸುವಾಸನೆ ಬೆರೆಸಿದ ನೀರೂ ಅದೇ ಹೆಸರಲ್ಲಿ ಸಿಗುತ್ತದೆ.

ಆಹಾರದಲ್ಲಿ ಎಲ್ಲರೂ ದೂಷಿಸುವುದು ಮಿರ್ಚಿ ಭಜಿಯನ್ನು. ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಬರುವುದಿಲ್ಲ. ಹೊಟ್ಟೆಗೆ ಅದು ಮಾಡುವ ತೊಂದರೆ ಬೇರೆ ಲೆಕ್ಕ. ಮೊಡವೆಯ ಮಟ್ಟಿಗೆ ಹೆಚ್ಚು ಸಂಶಯವಿರುವುದು ಸಕ್ಕರೆ, ಮೈದಾ, ಬಾಟಲಿಯ ತಂಪು ಪಾನೀಯಗಳ ಮೇಲೆ. ಜೋಳದ ರೊಟ್ಟಿ, ಮಜ್ಜಿಗೆ, ಸೌತೆಕಾಯಿ, ಕಲ್ಲಂಗಡಿ, ನೆನೆಸಿದ ಕಾಮಕಸ್ತೂರಿ ಬೀಜ: ನಮ್ಮ ಬೇಸಿಗೆಯ ಊಟ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆರೋಗ್ಯಕ್ಕೆ ಬೇಕಾದ ಆರು ಮೂಲ ಸಂಗತಿಗಳೆಂದು ಯುನಾನಿ ಹೇಳುವುದರಲ್ಲಿ ಗಾಳಿಯೂ ಒಂದು, ನಿದ್ದೆಯೂ ಒಂದು. ರಾತ್ರಿ ಎರಡರವರೆಗೆ ಮೊಬೈಲ್ ನೋಡುವ ಹುಡುಗನಿಗೆ ಶರ್ಬತೆ ಉನ್ನಾಬ್ ಬರೆದುಕೊಟ್ಟು ನಾನು ಹೆಚ್ಚೇನೂ ಸಾಧಿಸಲಾರೆ.

ಬುರ್ಖಾ, ನಿಖಾಬ್‌ನಿಂದ ಮೊಡವೆ ಬರುತ್ತದೆಯೇ ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಬಟ್ಟೆಯ ತಪ್ಪಲ್ಲ, ಬೆವರಿ ಒದ್ದೆಯಾದ ಸಿಂಥೆಟಿಕ್ ಬಟ್ಟೆ ಗಂಟೆಗಟ್ಟಲೆ ಗದ್ದಕ್ಕೆ ಉಜ್ಜುವುದರ ತೊಂದರೆ ಅದು. ತೆಳು ಹತ್ತಿಯದು ಬಳಸಿ, ನಿಖಾಬನ್ನು ದಿನವೂ ಒಗೆಯಿರಿ, ಎರಡು ಮೂರು ಇಟ್ಟುಕೊಳ್ಳಿ. ಹುಡುಗರ ಹೆಲ್ಮೆಟ್ ಪಟ್ಟಿಗೂ ಇದೇ ಮಾತು. ತಲೆಗೆ ಎಣ್ಣೆ ಹಚ್ಚುವವರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದುಬಿಡಿ. ಹಣೆಯಂಚಿನಲ್ಲಿ ಸಾಲಾಗಿ ಏಳುವ ಗುಳ್ಳೆಗಳಲ್ಲಿ ಹಲವು ತಲೆಯಿಂದ ಇಳಿದ ಎಣ್ಣೆಯವು.

ಇನ್ನು ಈ ಲೇಖನ ಬರೆಯಲು ಕಾರಣವಾದ ಸಂಗತಿ: ಕ್ರೀಮು. ಮೆಡಿಕಲ್ ಅಂಗಡಿಯಲ್ಲಿ “ಮೊಡವೆಗೆ ಏನಾದ್ರೂ ಕೊಡ್ರೀ” ಎಂದರೆ ಸಿಗುವ ಟ್ಯೂಬುಗಳಲ್ಲಿ ಬಿಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರುಗಳಿರುವುದುಂಟು. ಇವೆಲ್ಲ ಸ್ಟೀರಾಯ್ಡ್‌ಗಳು. ಇಸುಬಿನಂತಹ ಕೆಲವು ಚರ್ಮರೋಗಗಳಿಗೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧಗಳೇ. ಮುಖಕ್ಕೆ ಫೇರ್‌ನೆಸ್ ಕ್ರೀಮಿನಂತೆ ಹಚ್ಚಿದರೆ ಮೊದಲ ವಾರ ಎಲ್ಲರಿಗೂ ಖುಷಿ. ಕೆಂಪು ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ, ನೆರೆಮನೆಯವರೂ ಟ್ಯೂಬಿನ ಹೆಸರು ಕೇಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳ ಬಲೆ ಕಾಣುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಹುಟ್ಟುತ್ತದೆ, ಯಾವ ಮೊಡವೆಗೆಂದು ಹಚ್ಚಿದರೋ ಅದೇ ನೂರಾಗಿ ಏಳುತ್ತದೆ. ಬಿಟ್ಟರೆ ಎರಡೇ ದಿನಕ್ಕೆ ಮುಖ ಉರಿದು ಕೆಂಡವಾಗುತ್ತದೆ. ಆದ್ದರಿಂದ ಮತ್ತೆ ಹಚ್ಚುತ್ತಾರೆ.

ಸರ್ಕಾರ 2018ರ ಮಾರ್ಚ್‌ನಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಚೀಟಿ ಕೇಳದ ಅಂಗಡಿಗಳಿವೆ. ಅಂಗಡಿಯವನನ್ನು ಬೈಯುವುದು ಸುಲಭ, ಆದರೆ ಚೀಟಿಯಿಲ್ಲದೆ ಕೇಳುವ ಗ್ರಾಹಕರು ನಾವೇ. ಟ್ಯೂಬಿನ ಹಿಂದೆ ಕೆಂಪು ಗೆರೆಯಿದ್ದರೆ, ಹೆಸರಿನ ಕೊನೆಗೆ ‘ಸೋನ್’ ಅಥವಾ ‘ಸೋಲ್’ ಎಂದಿದ್ದರೆ ಕೈ ಹಿಂದಕ್ಕೆಳೆದು ವೈದ್ಯರನ್ನು ಕೇಳಿ.

ಇದಕ್ಕಿಂತ ಕೆಟ್ಟದ್ದು ಲೇಬಲ್ಲೇ ಇಲ್ಲದ ಡಬ್ಬಿ. ಗಲ್ಫ್‌ನಿಂದ ಬಂದವರು ಉಡುಗೊರೆಯಾಗಿ ತರುವ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಿಳುಪು ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸ ಬೆರೆತಿರುತ್ತದೆ. ಪಾದರಸ ಚರ್ಮದ ಬಣ್ಣ ಹುಟ್ಟುವುದನ್ನು ತಡೆಯುತ್ತದೆ, ಹಾಗೆಯೇ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಹಾಳು ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಾಲು ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಾ ಆಸ್ಪತ್ರೆಗೆ ಬಂದ ರೋಗಿಗಳನ್ನು ಕೆದಕಿ ಕೇಳಿದಾಗ, ಅವರಲ್ಲಿ ಹಲವರು ಇಂತಹ ಕ್ರೀಮು ಬಳಸುತ್ತಿದ್ದುದು ಗೊತ್ತಾಯಿತು. ಗಲ್ಫ್ ಜೊತೆ ಕೊಂಡಿಯಿರುವ ಕುಟುಂಬಗಳು ನಮ್ಮಲ್ಲೂ ಇರುವುದರಿಂದ ಈ ಸುದ್ದಿಯನ್ನು ಕೇರಳದ್ದೆಂದು ಬದಿಗಿಡಲಾಗದು.

ನನ್ನ ಕಡೆಯವರ ಬಗ್ಗೆಯೂ ಹೇಳಲೇಬೇಕು. “ಯುನಾನಿ, ಹರ್ಬಲ್, ಸೈಡ್ ಎಫೆಕ್ಟ್ ಇಲ್ಲ” ಎಂದು ಹೆಸರಿಲ್ಲದ ಡಬ್ಬಿಯಲ್ಲಿ ಬಿಳಿ ಕ್ರೀಮು ಮಾರುವವರನ್ನು ನಂಬಬೇಡಿ. ಮೂರು ದಿನಕ್ಕೆ ಬಣ್ಣ ಬದಲಿಸುವ ಗಿಡಮೂಲಿಕೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಶಾಹತರಾ, ಚಿರಾಯತಾ, ಉನ್ನಾಬ್‌ನಂತಹ ನಮ್ಮ ಔಷಧಗಳು ನಿಧಾನವಾದವು, ಅವನ್ನೂ ರೋಗಿಯನ್ನು ನೋಡಿಯೇ ಕೊಡಬೇಕು. ಗರ್ಭಿಣಿಯರು, ಮಗುವಿಗೆ ಹಾಲೂಡಿಸುವವರು ಕೇಳದೆ ತೆಗೆದುಕೊಳ್ಳಬಾರದು. ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಘಟಕಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಯಾವ ಹಕೀಮ್ ಕೊಟ್ಟರೂ, ನಾನು ಕೊಟ್ಟರೂ, ವಾಪಸು ಮಾಡಿ. ಹಾಗೆಯೇ ಮೊಡವೆ ಜೋರಾಗಿದ್ದಾಗ ಬೆಂಝಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂತಹ ಅಲೋಪತಿ ಜೆಲ್‌ಗಳು ಕೆಲಸ ಮಾಡುತ್ತವೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಗರ್ಭಿಣಿಯರಿಗೆ ಅಡಾಪಲೀನ್ ಬೇಡ.

2020ರಲ್ಲಿ ಪ್ರಸಿದ್ಧ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ನಮ್ಮ ನಿಕಾಹ್ ಮಾತುಕತೆಗಳಲ್ಲಿ ಆ ಪದ ಇನ್ನೂ ಹೋಗಿಲ್ಲ. ಹುಡುಗಿ ನೋಡಲು ಹೋದ ಹಿರಿಯರು ಮನೆಗೆ ಬಂದು “ಹುಡುಗಿ ಚಲೋ, ಮುಖದ ಮ್ಯಾಲ ಗುಳ್ಳಿ ಅದಾವ” ಎನ್ನುವುದು ಹುಡುಗಿಯ ಕಿವಿಗೂ ಬೀಳುತ್ತದೆ. ಮರುದಿನವೇ ಟ್ಯೂಬು ಮನೆಗೆ ಬರುತ್ತದೆ. ಗಂಡಿನ ಮುಖದ ಗುಳ್ಳೆಗಳನ್ನು ಎಣಿಸಿದವರನ್ನು ನಾನಿನ್ನೂ ಕಂಡಿಲ್ಲ. ನೋಡಲು ಹೋಗುವ ಅಮ್ಮಂದಿರಲ್ಲಿ ಈ ಪುಟ ಓದುವವರಿದ್ದರೆ, ಇಪ್ಪತ್ತರ ಹುಡುಗಿಗೆ ಮೇ ತಿಂಗಳಲ್ಲಿ ಮೊಡವೆ ಇರುವುದು ಸಹಜವೆಂದು ಜೊತೆಯವರಿಗೆ ಹೇಳಿ. ಔಷಧದಿಂದ ಆಗದ್ದು ಆ ಮಾತಿನಿಂದ ಆದೀತು.

ಯಾವಾಗ ತಡ ಮಾಡಬಾರದು? ಮೊಡವೆ ಗಂಟಾಗಿ ನೋಯುತ್ತಿದ್ದರೆ, ಕಲೆ ಗುಳಿಯಾಗಿ ಉಳಿಯುತ್ತಿದ್ದರೆ. ಹೆಣ್ಣುಮಕ್ಕಳಲ್ಲಿ ಜಿಡ್ಡಿನ ಜೊತೆ ಮುಟ್ಟು ಏರುಪೇರಾಗಿ, ಗದ್ದದಲ್ಲಿ ಕೂದಲು, ತೂಕ ಏರಿಕೆ ಕಂಡರೆ ಅದು ಅಂಡಾಶಯದ ತೊಂದರೆ ಇರಬಹುದು, ಸ್ತ್ರೀರೋಗ ತಜ್ಞರನ್ನು ಕಾಣಿ. ಮುಖ, ಕಾಲು ಊದಿಕೊಂಡು ಮೂತ್ರ ನೊರೆನೊರೆಯಾಗಿ ಹೋದರೆ ಅದೇ ದಿನ ವೈದ್ಯರ ಬಳಿ ಹೋಗಿ.

ಈಗಾಗಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರು ನಾಳೆ ಬೆಳಿಗ್ಗೆ ಒಮ್ಮೆಲೇ ಬಿಟ್ಟು ಒದ್ದಾಡಬೇಡಿ. ಗದಗದ ಜಿಮ್ಸ್ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ಚರ್ಮರೋಗ ತಜ್ಞರನ್ನು ಕಂಡು, ಅವರು ಹೇಳಿದ ಕ್ರಮದಲ್ಲಿ ಬಿಡಿ. ಸರಿಹೋಗಲು ತಿಂಗಳುಗಳು ಬೇಕಾಗಬಹುದು. ಹೋಗುವಾಗ ಮನೆಯಲ್ಲಿರುವ ಎಲ್ಲ ಟ್ಯೂಬು, ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ.