ಪಾರಿತೋಷಕವೂ ತೆಂಗಿನ ಮರವೂ

ಪ್ರತಿವರ್ಷ ಅಕ್ಟೋಬರ್ ತಿಂಗಳ ಆರಂಭದಲ್ಲಿ ನೊಬೆಲ್ ಪಾರಿತೋಷಕಗಳ ಸುದ್ದಿ ಬರುತ್ತದೆ. ಮರುದಿನ ನಮ್ಮ ಶಾಲೆಯ ಬೆಳಗ್ಗಿನ ಸಭೆಯಲ್ಲಿ ವಾರ್ತೆ ಓದುವ ವಿದ್ಯಾರ್ಥಿ ಆ ಹೆಸರುಗಳನ್ನು ಕಷ್ಟಪಟ್ಟು ಉಚ್ಚರಿಸುತ್ತಾನೆ. ಕ್ವಿಜ್ ಸ್ಪರ್ಧೆಗೆ ಹೋಗುವವರು ಅವನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಆ ಜನ ಏನನ್ನು ಕಂಡುಹಿಡಿದರು, ಅದಕ್ಕೆ ಎಷ್ಟು ವರ್ಷ ಹಿಡಿಯಿತು, ಎಲ್ಲಿದ್ದುಕೊಂಡು ಮಾಡಿದರು ಎಂದು ಕೇಳುವವರು ಇಲ್ಲ.

ನಾನು ವಿಜ್ಞಾನದ ಅಧ್ಯಾಪಕನಲ್ಲ, ಕನ್ನಡ ಕಲಿಸುವವನು. ಆದರೂ ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಒಂದು ಕಾರಣವಿದೆ. ಕಳೆದ ಜೂನ್ ತಿಂಗಳಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನನ್ನನ್ನು ಶಾಲೆಯ ಜಗಲಿಯಲ್ಲಿ ಕಂಡು, "ಮಾಷ್ಟ್ರೇ, ಮಗಳಿಗೆ ಸಯನ್ಸ್ ಕಲಿಸಬೇಕೂಂತ ಉಂಟು. ಕನ್ನಡದಲ್ಲೇ ಇದ್ದರೆ ಅವಳು ಮುಂದೆ ಬಂದಾಳಾ?" ಎಂದು ಕೇಳಿದರು. ನನಗೆ ಆಗ ಸರಿಯಾದ ಉತ್ತರ ತೋಚಲಿಲ್ಲ. "ನೋಡುವ" ಎಂದಷ್ಟೇ ಹೇಳಿದೆ. ಆ ಹುಡುಗಿ ಈಗ ನಮ್ಮ ಶಾಲೆಯಲ್ಲಿಲ್ಲ. ಅಂದು ಹೇಳಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

2023ರಲ್ಲಿ ವೈದ್ಯಶಾಸ್ತ್ರದ ಪಾರಿತೋಷಕ ಕತಾಲಿನ್ ಕರಿಕೊ ಎಂಬ ಮಹಿಳೆಗೂ ಡ್ರೂ ವೈಸ್‌ಮನ್ ಎಂಬವರಿಗೂ ಸಂದಿತು. ಕರಿಕೊ ಹುಟ್ಟಿದ್ದು 1955ರಲ್ಲಿ, ಹಂಗೇರಿ ದೇಶದಲ್ಲಿ. ತಂದೆ ಮಾಂಸದ ವ್ಯಾಪಾರಿ. ಚಿಕ್ಕ ಊರಿನ ಶಾಲೆಯಲ್ಲಿ ಆಕೆ ಕಲಿತದ್ದು ಹಂಗೇರಿಯನ್ ಭಾಷೆಯಲ್ಲಿ, ಅಂದರೆ ಕನ್ನಡ ಆಡುವವರಿಗಿಂತ ಎಷ್ಟೋ ಕಡಿಮೆ ಜನ ಆಡುವ ಒಂದು ಭಾಷೆಯಲ್ಲಿ. 1985ರಲ್ಲಿ ಗಂಡ ಮತ್ತು ಎರಡು ವರ್ಷದ ಮಗಳೊಂದಿಗೆ ಅಮೆರಿಕಕ್ಕೆ ಹೊರಟಾಗ, ಇದ್ದ ಹಣವನ್ನು ಮಗಳ ಕರಡಿಗೊಂಬೆಯೊಳಗೆ ಹೊಲಿದು ಸಾಗಿಸಿದರಂತೆ. ಅಲ್ಲಿ ಅವರು ಹಿಡಿದ ವಿಷಯ ಎಂ-ಆರ್‌ಎನ್‌ಎ. ನಮ್ಮ ಶರೀರದ ಜೀವಕೋಶಕ್ಕೆ ಯಾವ ಪ್ರೋಟೀನನ್ನು ತಯಾರಿಸಬೇಕು ಎಂದು ತಿಳಿಸುವ ಚೀಟಿ ಅದು. ಇಂತಹ ಚೀಟಿಯನ್ನು ಹೊರಗೆ ಬರೆದು ಒಳಗೆ ಕಳುಹಿಸಿದರೆ ಶರೀರವೇ ಔಷಧವನ್ನು ತಯಾರಿಸೀತಲ್ಲವೇ ಎಂಬುದು ಅವರ ಯೋಚನೆ. ಆದರೆ ಹೊರಗಿನಿಂದ ಬಂದ ಚೀಟಿಯನ್ನು ಶರೀರ ವೈರಿಯೆಂದು ತಿಳಿದು ಉರಿಯೂತ ಉಂಟುಮಾಡುತ್ತಿತ್ತು. ಸಂಶೋಧನೆಗೆ ಹಣ ದೊರೆಯಲಿಲ್ಲ. 1995ರಲ್ಲಿ ಅವರ ವಿಶ್ವವಿದ್ಯಾಲಯ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತು. ಅವರು ಬಿಡಲಿಲ್ಲ. ಚೀಟಿಯ ಒಂದು ಅಕ್ಷರವನ್ನು ತುಸು ಬದಲಿಸಿದರೆ ಶರೀರ ಸುಮ್ಮನಿರುತ್ತದೆ ಎಂದು ಅವರೂ ವೈಸ್‌ಮನ್ನರೂ 2005ರಲ್ಲಿ ಪ್ರಕಟಿಸಿದರು. ಆಗ ಅದನ್ನು ಗಮನಿಸಿದವರು ಕೆಲವರೇ. 2020ರಲ್ಲಿ ಕೋವಿಡ್ ಲಸಿಕೆಗಳು ಬಂದಾಗ ಲೋಕಕ್ಕೆ ತಿಳಿಯಿತು. (ನಮ್ಮಲ್ಲಿ ಹೆಚ್ಚಿನವರು ಚುಚ್ಚಿಸಿಕೊಂಡದ್ದು ಬೇರೆ ಬಗೆಯ ಲಸಿಕೆ, ಆ ಮಾತು ಬೇರೆ.)

ಮುಂದಿನ ವರ್ಷ, ಅಂದರೆ 2024ರಲ್ಲಿ, ರಸಾಯನಶಾಸ್ತ್ರದ ಪಾರಿತೋಷಕ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಎಂಬ ಮೂವರಿಗೆ ಬಂತು. ಬೇಕರ್ ಹೊಸ ಪ್ರೋಟೀನುಗಳನ್ನು ರೂಪಿಸಿದವರು. ಉಳಿದಿಬ್ಬರು, ಪ್ರೋಟೀನಿನ ಎಳೆ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಹೇಳಿಸಿದವರು. ಇದು ದೊಡ್ಡ ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಕಂಪ್ಯೂಟರ್ ಕಲಿತದ್ದು ಯಾವ ಪಾಠದಿಂದ? 1971ರಲ್ಲಿ ಆರಂಭವಾದ ಒಂದು ಭಂಡಾರಕ್ಕೆ ಲೋಕದ ನಾನಾ ಕಡೆಯ ಸಾವಿರಾರು ಜನ ಒಂದೊಂದಾಗಿ ಅಳೆದು ಸೇರಿಸಿದ ಪ್ರೋಟೀನು ಆಕಾರಗಳಿಂದ. ನೊಬೆಲ್ ನಿಯಮದಂತೆ ಒಂದು ಪಾರಿತೋಷಕವನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಆ ಸಾವಿರಾರು ಜನರ ಹೆಸರು ನಮ್ಮ ಕ್ವಿಜ್ ಪುಸ್ತಕಕ್ಕೆ ಬಾರದು.

ಅಲ್ಲಿ ಬಾರದ ಇನ್ನೊಂದು ಹೆಸರನ್ನು ಇಲ್ಲಿ ಹೇಳಬೇಕು. ಜಿ. ಎನ್. ರಾಮಚಂದ್ರನ್ ಅವರು 1922ರಲ್ಲಿ ಎರ್ನಾಕುಳಂನಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರು. ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, ನಮ್ಮ ಚರ್ಮ ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಮೂರು ಎಳೆಗಳ ಹುರಿ ಎಂದು ಗೋಪೀನಾಥ ಕರ್ತಾ ಅವರೊಂದಿಗೆ 1954ರಲ್ಲಿ ತೋರಿಸಿದರು. 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಎಂಬ ಸಹೋದ್ಯೋಗಿಗಳ ಜತೆಗೆ ಒಂದು ನಕ್ಷೆ ಬರೆದರು. ನಮ್ಮ ಮೊಣಕೈ ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಮಡಚುವುದಿಲ್ಲ. ಹಾಗೆಯೇ ಪ್ರೋಟೀನಿನ ಎಳೆಯ ಪ್ರತಿಯೊಂದು ಗೆಣ್ಣೂ ಕೆಲವು ಕೋನಗಳಲ್ಲಿ ಮಾತ್ರ ತಿರುಗಬಲ್ಲದು. ಉಳಿದ ಕಡೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಸಾಧ್ಯವಾದ ಕೋನಗಳು ಯಾವುವು ಎಂದು ಅವರು ಲೆಕ್ಕ ಹಾಕಿ ಗುರುತಿಸಿದರು. ಇಂದಿಗೂ ಹೊಸ ಪ್ರೋಟೀನಿನ ಆಕಾರ ಕಂಡಾಗ ಅದು ಸರಿಯೋ ತಪ್ಪೋ ಎಂದು ನೋಡಲು ರಾಮಚಂದ್ರನ್ ನಕ್ಷೆಯನ್ನು ಬಳಸುತ್ತಾರೆ. 2001ರಲ್ಲಿ ತೀರಿಹೋದ ಅವರಿಗೆ ನೊಬೆಲ್ ಬರಲಿಲ್ಲ. ಅದರಿಂದ ಆ ನಕ್ಷೆಗೆ ಏನು ಕೊರತೆಯಾಯಿತು?

ಇಂತಹ ಕೆಲಸ ನಡೆಯಬೇಕಾದರೆ ಕುಳಿತುಕೊಳ್ಳಲು ಒಂದು ಜಾಗ ಬೇಕು, ವರ್ಷಗಟ್ಟಲೆ ಕಾಯುವ ತಾಳ್ಮೆ ಆ ಜಾಗಕ್ಕೂ ಇರಬೇಕು. ಬೆಂಗಳೂರಿನ ಆ ಸಂಸ್ಥೆಯ ಕನಸು ಕಂಡ ಜಮ್‌ಶೆಟ್‌ಜಿ ಟಾಟಾ ಅವರು 1904ರಲ್ಲೇ ತೀರಿಕೊಂಡರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ, ಮೈಸೂರು ಸಂಸ್ಥಾನ ಕೊಟ್ಟ ಭೂಮಿಯಲ್ಲಿ. ಅದು ದೂರದ ಮಾತಾಯಿತು. ನಮ್ಮ ಕಾಸರಗೋಡಿನಲ್ಲೇ, ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ಅದಕ್ಕಿಂತ ಏಳೇ ವರ್ಷ ಕಿರಿಯದಾದ ಒಂದು ವಿಜ್ಞಾನ ಸಂಸ್ಥೆ ಇದೆ. ನಮ್ಮ ಎಷ್ಟು ಮಕ್ಕಳು ಅದರ ಗೇಟಿನ ಒಳಗೆ ಹೋಗಿದ್ದಾರೆ?

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1916ರಲ್ಲಿ, ಮದರಾಸು ಸರಕಾರ ಇಲ್ಲಿ ತೆಂಗಿನ ಸಂಶೋಧನೆಗೆಂದು ಕೇಂದ್ರ ತೆರೆಯಿತು. 1970ರಿಂದ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ ಸಿ.ಪಿ.ಸಿ.ಆರ್.ಐ. ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಮೊದಲ ಬಾರಿಗೆ ಸಂಕರ ಮಾಡಿದವರು ಜೆ. ಎಸ್. ಪಟೇಲ್ ಎಂಬವರು, 1930ರ ದಶಕದಲ್ಲಿ, ನಮ್ಮ ನೀಲೇಶ್ವರದಲ್ಲಿ. ಸಂಕರವೆಂದರೆ ಏನು ಕೆಲಸ ಗೊತ್ತೇ? ಮರದ ತುದಿಗೆ ಹತ್ತಬೇಕು. ಅರಳಿದ ಹೊಂಬಾಳೆಯಿಂದ ಗಂಡು ಹೂಗಳನ್ನೆಲ್ಲ ತೆಗೆಯಬೇಕು. ಹೆಣ್ಣು ಹೂಗಳಿಗೆ ಚೀಲ ಕಟ್ಟಿ, ಅವು ಅರಳಿದಾಗ ಇನ್ನೊಂದು ಮರದ ಪರಾಗವನ್ನು ಉದುರಿಸಬೇಕು. ಕಾಯಿ ಬಲಿಯಲು ಒಂದು ವರ್ಷ. ಅದನ್ನು ನೆಟ್ಟು ಸಸಿ ಮಾಡಿ, ಅದು ಮರವಾಗಿ ಫಲ ಕೊಡುವವರೆಗೆ ಮತ್ತೆ ಹಲವು ವರ್ಷ. ಫಲ ಒಳ್ಳೆಯದೋ ಕೆಟ್ಟದೋ ಎಂದು ಹೇಳಲು ಇನ್ನೂ ಹಲವು ವರ್ಷಗಳ ಲೆಕ್ಕ. ಒಬ್ಬ ಮನುಷ್ಯನ ನೌಕರಿಯ ಅವಧಿಯಲ್ಲಿ ಇದು ಎಷ್ಟು ಸಲ ಸಾಧ್ಯ? ನಮ್ಮ ತೋಟಗಳ ಚಂದ್ರಸಂಕರ, ಕೇರಸಂಕರ ತೆಂಗುಗಳು, ಮಂಗಳ ಅಡಿಕೆ, ಎಲ್ಲವೂ ಹೀಗೆ ಕಾದು ಕುಳಿತವರಿಂದ ಬಂದವು. ಅವರಿಗೆ ಸ್ಟಾಕ್‌ಹೋಮಿನಿಂದ ಕರೆ ಬರಲಿಲ್ಲ. ಮಂಗಳ ಅಡಿಕೆ ಕೊಯ್ದು ಮಾರಿದ ಹಣದಲ್ಲಿ ಮಕ್ಕಳ ಫೀಸು ಕಟ್ಟಿದವರು ಈ ಸಂಚಿಕೆಯ ಓದುಗರಲ್ಲೇ ಇರಬಹುದು.

ವಿಜ್ಞಾನದಿಂದ ಬರೇ ಒಳ್ಳೆಯದೇ ಆಯಿತು ಎಂದು ನಾವು ಕಾಸರಗೋಡಿನವರು ಹೇಳುವಂತಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಮರೆತವರಿಲ್ಲ. ಕರುಗಳು ಊನವಾಗಿ ಹುಟ್ಟುತ್ತಿವೆ, ಮಕ್ಕಳಲ್ಲಿ ಕಾಯಿಲೆ ಹೆಚ್ಚಿದೆ ಎಂದು ಮೊದಲು ಗಮನಿಸಿದವರು ಯಾರು? ಪಡ್ರೆ ಮೊದಲಾದ ಕಡೆಯ ಕೃಷಿಕರು, ಊರ ವೈದ್ಯರು, ಪತ್ರಿಕೆಗಳಿಗೆ ಬರೆಯುವವರು. ದೊಡ್ಡ ಸಂಸ್ಥೆಗಳ ಅಧ್ಯಯನಗಳು ಬಂದದ್ದು ಅನಂತರ; ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಕಣ್ಣಿಟ್ಟು ನೋಡಿದ್ದನ್ನು ಬರೆದಿಡುವುದೂ, "ಯಾಕೆ ಹೀಗೆ?" ಎಂದು ಕೇಳುವುದೂ ವಿಜ್ಞಾನವೇ. ಅವರು ಅದನ್ನು ಕೇಳಿದ್ದು ಮನೆಯ ಮಾತಿನಲ್ಲಿ.

ಇನ್ನು ಆ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅವರ ಭಯ ಸುಳ್ಳಲ್ಲ. ನಾನೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಮುಂದೆ ಇಂಗ್ಲಿಷಿಗೆ ಹೋದವನು. ಮೊದಲ ತಿಂಗಳಲ್ಲಿ ಅಧ್ಯಾಪಕರು "ಫೋಟೋಸಿಂಥೆಸಿಸ್" ಎಂದರೇನು ಎಂದು ಕೇಳಿದಾಗ ತಲೆ ತಗ್ಗಿಸಿ ನಿಂತಿದ್ದೆ. ಅದು ನಾನು ಚೆನ್ನಾಗಿ ಬಲ್ಲ ದ್ಯುತಿಸಂಶ್ಲೇಷಣೆಯೇ ಎಂದು ತಿಳಿದದ್ದು ವಾರದ ಬಳಿಕ. ಕನ್ನಡದಲ್ಲಿ ಕಲಿತದ್ದರಿಂದ ನನಗೆ ಸೋಲಾಗಲಿಲ್ಲ. ಎರಡು ಪದಗಳನ್ನೂ ಒಂದೇ ಹಲಗೆಯ ಮೇಲೆ ಯಾರೂ ಬರೆದು ತೋರಿಸದಿದ್ದುದರಿಂದ ಆಯಿತು. ಅಧ್ಯಾಪಕರಾದ ನಾವು ಈ ತಪ್ಪನ್ನು ತಿದ್ದಿಕೊಳ್ಳಬೇಕು. ಎಂಟನೆಯ ತರಗತಿಯಿಂದಲೇ ಕನ್ನಡದಲ್ಲಿ ವಿಷಯವನ್ನು ಬಿಡಿಸಿ ಹೇಳಿ, ಬದಿಯಲ್ಲಿ ಇಂಗ್ಲಿಷ್ ಪದವನ್ನೂ ಕಲಿಸಿದರೆ ಮಗುವಿಗೆ ಮುಂದೆ ತಡವರಿಸಬೇಕಾಗಿ ಬಾರದು. ಇಷ್ಟನ್ನೂ ಮಾಡದೆ "ಭಾಷೆ ಉಳಿಸಿ" ಎಂದು ಹೆತ್ತವರನ್ನು ಕೇಳುವ ಹಕ್ಕು ನಮಗಿಲ್ಲ ಎಂಬುದು ನನ್ನ ಅಭಿಪ್ರಾಯ.

ವಿಜ್ಞಾನ ಅಧ್ಯಾಪಕರೊಡನೆ ಮಾತಾಡಿ ಒಂದು ಸಣ್ಣ ಏರ್ಪಾಡು ಮಾಡಿದ್ದೇನೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ವಿದ್ಯಾರ್ಥಿಗಳ ಸ್ವಂತ ಅವಲೋಕನಕ್ಕೆಂದು ಬಿಡಲಾಗುವುದು. ಮನೆಯಂಗಳದ ಒಂದು ತೆಂಗಿನ ಮರವನ್ನು ಆರಿಸಿ, ಜೂನ್ ಒಂದನೇ ತಾರೀಕಿನಿಂದ ಹೊಸ ಮಡಲು ಯಾವಾಗ ಬಂತು, ಹೊಂಬಾಳೆ ಯಾವಾಗ ಒಡೆಯಿತು, ಎಷ್ಟು ಮಿಡಿ ಉದುರಿತು, ಎಷ್ಟು ನಿಂತಿತು ಎಂದು ತಾರೀಕು ಸಹಿತ ಬರೆಯಿರಿ. ತೆಂಗು ಇಲ್ಲದವರು ಕಂಗನ್ನು ಆರಿಸಬಹುದು. ಲೆಕ್ಕ ತಪ್ಪಿದ ದಿನ ತಪ್ಪಿತೆಂದೇ ಬರೆಯಬೇಕು, ಊಹಿಸಿ ತುಂಬಿಸಬಾರದು. ನೋಟ್‌ಪುಸ್ತಕಗಳು ಜನವರಿ ಹದಿನೈದರೊಳಗೆ ನನ್ನ ಕೈಸೇರಲಿ. ಶಾಲೆ ಬಿಟ್ಟುಹೋದವರೂ ಕೊಡಬಹುದು.