ಮಿತಪಾನವೆಂಬ ನಂಬಿಕೆ

ಮದ್ಯಪಾನವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಕುಡುಕನ ನಡತೆಯನ್ನು ಕುರಿತದ್ದು. ಬೀದಿಯಲ್ಲಿ ತೂರಾಡುವವನೂ, ಸಂಬಳದ ದಿನ ಬರಿಗೈಯಲ್ಲಿ ಮನೆಗೆ ಮರಳುವವನೂ, ಹೆಂಡತಿಮಕ್ಕಳ ಮೇಲೆ ಕೈಮಾಡುವವನೂ ನಿಂದೆಗೆ ಪಾತ್ರರಾಗುತ್ತಾರೆ. ಅದೇ ಪಾನೀಯವನ್ನು ಅಳೆದು ಕುಡಿದು ಸದ್ದಿಲ್ಲದೆ ಮಲಗುವವನನ್ನು ಯಾರೂ ಪ್ರಶ್ನಿಸುವುದಿಲ್ಲ. ಸಮಾಜದ ಶಾಂತಿಯ ದೃಷ್ಟಿಯಿಂದ ಈ ಭೇದ ಯುಕ್ತವೇ ಸರಿ. ಆದರೆ ಅದನ್ನೇ ಆರೋಗ್ಯದ ವಿಚಾರಕ್ಕೂ ಅನ್ವಯಿಸಿ, ಅಮಲೇರದಷ್ಟು ಕುಡಿದರೆ ಹಾನಿಯಿಲ್ಲವೆಂದು ತೀರ್ಮಾನಿಸುವುದು ಪ್ರಮಾದ. ಈ ಪ್ರಮಾದ ವಿದ್ಯಾವಂತರಲ್ಲಿಯೇ ಆಳವಾಗಿ ಬೇರೂರಿರುವುದು ವಿಷಾದದ ಸಂಗತಿ.

ಹೊಟ್ಟೆ ಸೇರಿದ ಮದ್ಯಸಾರವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಜೀವಕೋಶಗಳ ಡಿ.ಎನ್.ಎ.ಯನ್ನು ಕೆಡಿಸತಕ್ಕದ್ದು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತ್ರೀಯರ ಸ್ತನ ಇವುಗಳ ಅರ್ಬುದಕ್ಕೆ ಮದ್ಯ ಕಾರಣವಾಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1988ರಷ್ಟು ಹಿಂದೆಯೇ ಮದ್ಯವನ್ನು ತಂಬಾಕಿನ ಹೊಗೆಯೊಡನೆ ಒಂದೇ ವರ್ಗದಲ್ಲಿ ಇರಿಸಿದೆ. ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ, ಉರಿಯೂತವಾಗಿ, ಕೊನೆಗೆ ಅದು ಗಂಟುಗಟ್ಟುವವರೆಗೂ ಎಷ್ಟೋ ಮಂದಿಗೆ ನೋವೇ ತೋರದಿರುವುದರಿಂದ, ತನಗೇನೂ ಆಗಿಲ್ಲವೆಂಬ ಕುಡಿಯುವವನ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ದೀರ್ಘಾಯುಗಳೆಂದೂ, ಹೃದಯಕ್ಕೆ ದ್ರಾಕ್ಷಾರಸ ಹಿತವೆಂದೂ ಹಿಂದಿನ ಕೆಲವು ಅಧ್ಯಯನಗಳು ಹೇಳಿದುದು ನಿಜ. ಆದರೆ ಅಂಥ ಅನೇಕ ಅಧ್ಯಯನಗಳಲ್ಲಿ, ರೋಗ ಬಂದ ಮೇಲೆ ವೈದ್ಯರ ಮಾತಿಗೆ ಅಂಜಿ ಕುಡಿತ ಬಿಟ್ಟವರನ್ನೂ ಆಜನ್ಮ ಮುಟ್ಟದವರ ಜೊತೆಯಲ್ಲಿಯೇ ಎಣಿಸಲಾಗಿತ್ತು. ಮಿತಪಾನಿಗಳಾದರೋ ಬಹುಪಾಲು ಅನುಕೂಲಸ್ಥರು, ಒಳ್ಳೆಯ ಊಟವನ್ನೂ ಒಳ್ಳೆಯ ಚಿಕಿತ್ಸೆಯನ್ನೂ ಪಡೆಯಬಲ್ಲವರು. ಅವರ ಆಯುಷ್ಯದ ಕೀರ್ತಿಯನ್ನು ಬಟ್ಟಲಿಗೆ ಸಲ್ಲಿಸಿದ್ದು ನ್ಯಾಯವಾಗಲಿಲ್ಲ. ಈ ದೋಷಗಳನ್ನು ತಿದ್ದಿ ನೋಡಿದಾಗ ಆ ಲಾಭ ಬಹಳಮಟ್ಟಿಗೆ ಕರಗಿಹೋಯಿತು. ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಸಾರಿತು.

1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಅಂಥ ದುರಂತದಿಂದ ಜನ ಕಲಿಯುವ ಪಾಠ, ವಿಷವಿರುವುದು ಕಲಬೆರಕೆಯಲ್ಲಿ, ಮೊಹರು ಬಿದ್ದ ಸೀಸೆ ನಿರಪಾಯ ಎಂಬುದು. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಸೀಸೆಯ ಮದ್ಯ ಉಳಿಯಿತು, ಅದರೊಳಗಣ ಮದ್ಯಸಾರವೂ ಉಳಿಯಿತು. ಸಂವಿಧಾನದ 47ನೆಯ ಅನುಚ್ಛೇದ ಪಾನನಿರೋಧಕ್ಕೆ ಯತ್ನಿಸಬೇಕೆಂದು ರಾಜ್ಯಕ್ಕೆ ವಿಧಿಸಿದ್ದರೂ, ಅಬಕಾರಿಯ ವರಮಾನವನ್ನು ನೆಚ್ಚಿದ ಸರ್ಕಾರ ಪ್ರಜೆಗಳಿಗೆ ಈ ಸತ್ಯವನ್ನು ಗಟ್ಟಿಯಾಗಿ ಹೇಳಲಾರದು. ಆದುದರಿಂದ ಹೇಳುವ ಭಾರ ವೈದ್ಯರ ಮೇಲೂ ಉಪಾಧ್ಯಾಯರ ಮೇಲೂ ಬರೆಯುವವರ ಮೇಲೂ ಬೀಳುತ್ತದೆ.

ಕುಡಿತವನ್ನು ಕೇವಲ ನಡತೆಯ ದೋಷವೆಂದು ಬಗೆಯುವುದರ ಇನ್ನೊಂದು ಅನರ್ಥವನ್ನೂ ಹೇಳಬೇಕು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಸೆಳವು, ಬುದ್ಧಿಭ್ರಮೆಗಳು ತಲೆದೋರಿ ಪ್ರಾಣಕ್ಕೇ ಸಂಚಕಾರವಾಗಬಹುದು. ಸರಿಯಾದ ಚಿಕಿತ್ಸೆಯಿಂದ ಇದನ್ನು ತಡೆಯಲು ಸಾಧ್ಯ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ದೇವರ ಮುಂದೆ ಆಣೆಯಿಡಿಸುವುದಕ್ಕೆ ಮೊದಲು ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ.