ದಿನಾ ಕುಡಿಯುವ ಮದ್ದಲ್ಲ ಅದು

ಮಿಲ್ಕ್ ಆಫ್ ಮೆಗ್ನೀಷಿಯಾವನ್ನು ದಿನಾ ಕುಡಿದರೂ ಏನೂ ಆಗದು ಎಂದು ಕಳೆದ ಸಂಚಿಕೆಯ ಲೇಖಕರು ಬರೆದದ್ದು ಅಪಾಯದ ಸಲಹೆ. ಈ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಹೊಟ್ಟೆಯ ಆಮ್ಲವನ್ನು ತಣಿಸುತ್ತದೆ, ಕರುಳಿಗೆ ನೀರೆಳೆದು ಮಲ ಸಡಿಲಿಸುತ್ತದೆ, ನಿಜ. ಆದರೆ ಮೆಗ್ನೀಷಿಯಂನ ಒಂದು ಪಾಲು ರಕ್ತಕ್ಕೂ ಸೇರುತ್ತದೆ. ಅದನ್ನು ಹೊರಹಾಕಬೇಕಾದದ್ದು ಮೂತ್ರಪಿಂಡ. ಸಕ್ಕರೆ ಕಾಯಿಲೆ, ಬಿಪಿಯಿಂದ ಮೂತ್ರಪಿಂಡ ಸೋತ ಹಿರಿಯರಲ್ಲಿ ಅದು ರಕ್ತದಲ್ಲೇ ಉಳಿದು ಮಂಪರು, ಸ್ನಾಯುಗಳ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ತರಬಹುದು. ಕಡೆಗೆ ಹೃದಯದ ಬಡಿತಕ್ಕೇ ಕುತ್ತು. ಎಷ್ಟೋ ಮಂದಿಗೆ ತಮ್ಮ ಮೂತ್ರಪಿಂಡ ಸೋತಿರುವುದೇ ಗೊತ್ತಿರುವುದಿಲ್ಲ. ಅಂಥವರಿಗೆ ಈ ಮಾತು ಹೇಳಬಹುದೇ? ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಜೊತೆಗೇ ಕುಡಿದರೆ ಅವು ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಕೆಲವು ಗಂಟೆಗಳ ಅಂತರ ಬೇಕು. ಹೊಟ್ಟೆನೋವು, ವಾಂತಿ ಇದ್ದಾಗ ತಾವಾಗಿ ಮುಟ್ಟಬಾರದು. ವಾರ ಕಳೆದರೂ ಮಲಬದ್ಧತೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ ಎಂಬ ಒಂದು ಸಾಲಾದರೂ ಆ ಲೇಖನದಲ್ಲಿ ಇರಬೇಕಿತ್ತು.